ಮೆನುವಿನಲ್ಲಿ ಉಳಿದ ಸತ್ತ ಸಾಲು

ನನಗೆ ಬಾಯಿಗಿಂತ ಕೈ ಮುಂದು. ಸುರಪುರದಲ್ಲಿ ಒಮ್ಮೆ ಹಟ ಹಿಡಿದ ಪ್ರಿಂಟರನ್ನು ಒದ್ದು ಎರಡು ಹೋಳು ಮಾಡಿದ್ದೆ. ಯಾದಗಿರಿಯಲ್ಲಿ ತಪ್ಪು ಕೇಬಲ್ ಕೊಟ್ಟು ವಾದಕ್ಕೆ ನಿಂತ ಅಂಗಡಿಯವನ ಕೊರಳಪಟ್ಟಿ ಹಿಡಿದಿದ್ದೆ. ಕಂಪ್ಯೂಟರ್ ರಿಪೇರಿಯವನಿಗೆ ಇಂಥ ಕೈ ಇರಬಾರದು. ನನಗಿತ್ತು.

ಶಹಾಪುರದ ಒಂದು ತರಬೇತಿ ಕೇಂದ್ರದಲ್ಲಿ ಪರೀಕ್ಷೆಗೆ ಇಪ್ಪತ್ತು ಮಷೀನು ಸಿದ್ಧ ಮಾಡಬೇಕಿತ್ತು. ಒಂದನ್ನು ಪೂರಾ ತಯಾರು ಮಾಡಿ, ಅದರ ನಕಲನ್ನು ಉಳಿದವಕ್ಕೆ ಇಳಿಸಿದರೆ ಆಯಿತು. ಅದಕ್ಕೆ ಇಮೇಜ್ ಹಾಕುವುದು ಅನ್ನುತ್ತೇವೆ. ಆ ಮೊದಲನೆಯದಕ್ಕೆ ನಾನು ಆಪರೇಟಿಂಗ್ ಸಿಸ್ಟಮ್ ಎರಡು ಸಲ ಹಾಕಿದ್ದೆ. ಹಳೆಯದನ್ನು ಅಳಿಸಿದರೂ, ಮಷೀನು ಶುರುವಾಗುವಾಗ ಬರುವ ಮೆನುವಿನಲ್ಲಿ ಅದರ ಹೆಸರು ಉಳಿದಿತ್ತು. ಒಂದೇ ಹೆಸರಿನ ಎರಡು ಸಾಲು. ಕೆಳಗಿನದು ಜೀವಂತ, ಮೇಲಿನದು ಹೆಣ. ಅದನ್ನು ಒತ್ತಿದರೆ ಪರದೆ ಕಪ್ಪಾಗಿ ಅಲ್ಲೇ ನಿಲ್ಲುತ್ತಿತ್ತು. ಇಪ್ಪತ್ತಕ್ಕೂ ಹಂಚಿದ ಮೇಲೆ ನನ್ನ ಕಣ್ಣಿಗೆ ಬಿತ್ತು. ಅಳಿಸಲು ಒಂದೊಂದಕ್ಕೆ ಒಂದು ನಿಮಿಷ ಸಾಕು. ಬೇಸರ ಬಂತು. ‘ಕೆಳಗಿನ ಸಾಲು ಒತ್ತಿರಿ’ ಎಂದು ಚೀಟಿ ಬರೆದು, ಪ್ರತಿ ಪರದೆಯ ಹಣೆಗೆ ಅಂಟಿಸಿ ಮನೆಗೆ ಹೋದೆ.

ಕೇಂದ್ರದ ಜವಾನರು ದೋರನಹಳ್ಳಿಯವರು, ವಯಸ್ಸಾದವರು. ಪರೀಕ್ಷೆಯ ದಿನ ಮಷೀನುಗಳಿಗೆ ಪೂಜೆ ಮಾಡದೆ ಬಾಗಿಲು ತೆರೆಯುತ್ತಿರಲಿಲ್ಲ. ಅವತ್ತು ಅವರ ಮಗಳೇ ಪರೀಕ್ಷೆಗೆ ಕೂತಿದ್ದಳು. ಇದು ಪಾಸಾದರೆ ಯಾದಗಿರಿಯ ಕಚೇರಿಯೊಂದರ ಟೈಪಿಂಗ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಅರ್ಜಿಗೆ ಅದೇ ಕೊನೆಯ ವಾರ.

ಎಲ್ಲರೂ ಮಷೀನು ಚಾಲೂ ಮಾಡಿದರು. ಎಲ್ಲರೂ ಮೇಲಿನ ಸಾಲನ್ನೇ ಒತ್ತಿದರು. ಇಪ್ಪತ್ತು ಪರದೆ ಕಪ್ಪು. ಏನಾದರೂ ಕೈಕೊಟ್ಟರೆ ಇರಲಿ ಎಂದು ನನ್ನನ್ನೂ ಹೊರಗೆ ಕೂರಿಸಿದ್ದರು. ಓಡಿ ಹೋಗಿ ನೋಡಿದರೆ ಚೀಟಿಯ ಜಾಗದಲ್ಲಿ ಮೂರು ಬೆರಳಿನ ವಿಭೂತಿ.

“ಚೀಟಿ ಎಲ್ಲಿ?” ಅಂದೆ.

“ವಿಭೂತಿ ಹಚ್ಚಾಕ ಹಣಿ ಬೇಕಲ್ರಿ, ಕಿತ್ತೇನ್ರಿ,” ಅಂದರು ಜವಾನರು.

ಕಪಾಳಕ್ಕೆ ಬಾರಿಸಿದೆ. ಕನ್ನಡಕ ಹಾರಿ ಗೋಡೆಗೆ ಬಡಿಯಿತು, ಅವರ ಮೂಗಿನಿಂದ ರಕ್ತ ಬಂತು. ಇನ್ನೊಂದು ಏಟಿಗೆ ಕೈ ಎತ್ತಿದ್ದೆ.

“ನಮ್ಮಪ್ಪನ ಮ್ಯಾಲ ಕೈ ಮಾಡ್ತೀಯೇನಲೇ!” ಮಗಳು ಕೀಬೋರ್ಡನ್ನು ವೈರಿನ ಸಮೇತ ಕಿತ್ತು ನನ್ನ ಕಿವಿಯ ಮೇಲೆ ಹೊಡೆದಳು. ಗುಂಡಿಗಳು ಸಿಡಿದವು. ಎರಡನೇ ಏಟಿಗೆ ನಾನು ಮೊಣಕಾಲೂರಿದೆ. ಬಿಸಿ ರಕ್ತ ಕೊರಳೊಳಗೆ ಇಳಿಯಿತು.

ಪರೀಕ್ಷೆಯ ಮೇಲ್ವಿಚಾರಕರು ಬಂದರು. “ಯಾರು ಹೊಡದಾರ?”

ಪರೀಕ್ಷೆಗೆ ಕೂತವರೆಲ್ಲ ಕಪ್ಪು ಪರದೆಯತ್ತ ತಿರುಗಿಕೊಂಡರು. ನಾನೇ ಜಾರಿ ಬಿದ್ದೆ ಅಂದಿದ್ದರೆ ಮುಗಿಯುತ್ತಿತ್ತು. ತಪ್ಪು ನನ್ನದು, ಮೊದಲ ಏಟೂ ನನ್ನದು ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಬೆರಳು ತೋರಿಸಿದೆ. “ಇಕಿನೇ ಹೊಡದಾಳ್ರಿ.”

ಆಕೆಯ ಪ್ರವೇಶಪತ್ರ ಕಸಿದುಕೊಂಡು ಹೊರಗೆ ಕಳಿಸಿದರು. ಆಕೆ ಅಳಲಿಲ್ಲ. ಹೋಗುವಾಗ ನನ್ನ ಕಾಲ ಬಳಿ ಉಗುಳಿದಳು.

ಕಿವಿಗೆ ಕರವಸ್ತ್ರ ಒತ್ತಿಕೊಂಡು ಒಂದೊಂದೇ ಮಷೀನಿನ ಸತ್ತ ಸಾಲು ಅಳಿಸುತ್ತ ಹೋದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಉಳಿದವರು ಪರೀಕ್ಷೆ ಬರೆಯತೊಡಗಿದರು. ಕೊನೆಗೆ ಬೇರೆ ಕೀಬೋರ್ಡ್ ಜೋಡಿಸಿ ಆಕೆಯದನ್ನೂ ಸರಿ ಮಾಡಿದೆ. ಜವಾನರು ಡ್ಯೂಟಿ ಬಿಟ್ಟು ಮಗಳ ಹಿಂದೆ ಹೋಗುವಂತಿರಲಿಲ್ಲ, ಬಾಗಿಲಲ್ಲೇ ನಿಂತಿದ್ದರು.

“ಅಕಿ ಮಷೀನು ಚಾಲೂ ಆತೇನ್ರಿ?”

“ಆತ್ರಿ,” ಅಂದೆ. ಅವರಿಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

“ಹಂಗಾರ ಬಂದ್ ಮಾಡ್ರಿ,” ಅಂದರು.