ಮೊಮ್ಮಗಳು ಕಂಪ್ಯೂಟರ್‌ನ್ಯಾಗ ಮೋಡ ನಡಿಸಿದ ದಿನ

ನನಗ ಅಕ್ಷರ ಕೂಡಿಸಿ ಓದಾಕ ಬರ್ತದ, ಅಷ್ಟ. ಆದ್ರ ನನ್ನ ಮೊಮ್ಮಗಳು ಕಂಪ್ಯೂಟರ್‌ನ್ಯಾಗ ಮೋಡ ನಡಿಸಿ ತೋರಸ್ತಾಳ! ಶಹಾಪುರ ಸಂತ್ಯಾಗ ಕಾಯಿಪಲ್ಲೆ ಮಾರಾಕಿಗೂ ಹೇಳೇನಿ, ಬಸ್ಸಿನ್ಯಾಗ ಬಾಜೂ ಕುಂತಾಕಿಗೂ ಹೇಳೇನಿ. ತಮ್ಮನ್ನ ಕಳಕೊಂಡಾಕಿ ಹಿಂಗ ಹಿಗ್ಗಬಾರದು ಅಂತಾರ ಮಂದಿ. ಅನ್ನಲಿ.

ಕಾಲುವೆ ನೀರು ಬಂದ ಮ್ಯಾಲ ನಮ್ಮ ಕುರಿ ಮೇಯೋ ಬಯಲೆಲ್ಲ ಭತ್ತದ ಗದ್ದಿ ಆದ್ವು. ಬ್ಯಾಸಗಿಗೆ ಭತ್ತ ಕೊಯ್ದ ಮ್ಯಾಲ ಗದ್ದಿಯವರ ಕರೀತಾರ, ಗೊಬ್ಬರ ಆಗ್ತದ, ನಿಮ್ಮ ಕುರಿ ನಮ್ಮ ಹೊಲದಾಗ ಮಲಗಸ್ರಿ ಅಂತ. ಆ ವರ್ಷ ನಮ್ಮ ಮನಿಯವರು, ನನ್ನ ತಮ್ಮ ಇಬ್ಬರೂ ಹುಣಸಗಿಗೂ ಸುರಪುರಕ್ಕೂ ನಡುವ ಒಂದು ಗದ್ದ್ಯಾಗ ಕುರಿ ತರುಬಿದ್ರು.

ಮಧ್ಯಾಹ್ನ ನಾನು ರೊಟ್ಟಿ ಬಡಿಯಾಕತ್ತಿದ್ದೆ. ಮಗಳ ಮಗಳು, ಕಲಬುರಗ್ಯಾಗ ಓದಾಕಿ, ಸೂಟಿಗೆ ಬಂದಿದ್ಲು.

“ಆಯೀ, ಇಲ್ಲಿ ಬಾ.”

ಉಪಗ್ರಹ ತೆಗದ ಫೋಟೋ ಒಂದರ ಹಿಂದ ಒಂದು ಜೋಡಿಸಿ ಓಡಿಸಾಕತ್ತಿದ್ಲು. ಹುಣಸಗಿ ಮ್ಯಾಲ ಒಂದು ಕೆಂಪನ ಚುಕ್ಕಿ. ಓಡಿಸಿದಂಗೆಲ್ಲ ಅದು ಅಗಲ ಆಗಿ ಸುರಪುರದ ಕಡೆ ಸರೀತಿತ್ತು.

“ಬೆಂಕಿ ಏನವ್ವ?”

“ಅಲ್ಲ ಆಯಿ. ಕೆಂಪು ಇದ್ದಲ್ಲಿ ಮೋಡ ಭಾಳ ಎತ್ತರಕ್ಕ ಎದ್ದದ, ತುದಿ ಬರ್ಫ್ ಆಗ್ಯಾದ. ಸಿಡಿಲು ಬಡೀತದ.”

ಅಲ್ಲಿಂದನ ಮುತ್ಯಾಗ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ಲು. ನಮ್ಮ ಮನಿಯವರು ನಕ್ಕರು. “ಇಲ್ಲಿ ಬಿಸಲಿಗೆ ತಲಿ ಒಡಿಯಾಕತ್ತದ. ನಿನ್ನ ಡಬ್ಬ್ಯಾಗಿನ ಮಳ್ಯಾಗ ನೀನ ತೋಯಿಸ್ಕೊ.”

ಹಿಂದಿಂದ ನನ್ನ ತಮ್ಮ ಒದರಿದ: “ಮಾಮಾ, ಆಕಿ ಗಂಡ ಆಗಾವ ಎಲ್ಲಿ ಅದಾನ, ಡಬ್ಬ್ಯಾಗ ನೋಡು ಅನ್ನು!”

“ಮುತ್ಯಾ, ಬೇವಿನ ಗಿಡದ ಕೆಳಗ ಅದೀರಿ ಹೌದಲ್ಲ? ಗಿಡ ಬಿಡ್ರಿ. ಊರಾಗಿನ ಸಾಲಿಗೆ ಹೋಗ್ರಿ.”

“ಆಣಿಕಲ್ಲು ಬಿದ್ರ ಮರಿ ಸಾಯ್ತಾವ. ಗಿಡ ಬಿಟ್ಟು ಬಯಲಿಗೆ ಬಾ ಅಂತೀಯಲ್ಲ, ಹುಚ್ಚಿ!”

ಕುರಿ ಕಾಯೋ ನಮ್ಮ ಮಂದಿಗೆ ಆಣಿಕಲ್ಲಿನ ಅಂಜಿಕಿ ಹೆಚ್ಚು, ಸಿಡಿಲಿಂದು ಕಮ್ಮಿ. ಮೋಡ ಕಂಡ್ರ ಕುರಿ ಗಿಡದ ಕೆಳಗ ಹೊಡೀತಾರ. ಹುಡುಗಿ ಅಳಾಕ ಚಾಲೂ ಮಾಡಿದ್ಲು. ಅದೊಂದು ನಮ್ಮ ಮನಿಯವರಿಗೆ ತಡಕೊಳ್ಳಾಕ ಆಗಂಗಿಲ್ಲ. “ಅಳಬ್ಯಾಡ, ಹೊಂಟೆ” ಅಂದ್ರು.

ಮುಂದಿಂದು ಅವರು ಆಮ್ಯಾಲ ಹೇಳಿದ್ದು. ಮರಿಗಳನ್ನ ಕಂಬಳ್ಯಾಗ ಕಟಗೊಂಡು ಹೊಂಟ್ರು, ಅವುಗಳ ತಾಯಿಗಳು ಒದರಕೋತ ಬೆನ್ನ ಹತ್ತಿದ್ವು. ಉಳಿದ ಕುರಿ ಬಿಸಲಿಗೆ ಗಿಡದ ಬುಡಕ ಒಂದರ ಹೊಟ್ಟಿ ಕೆಳಗ ಒಂದು ತಲಿ ಇಟಗೊಂಡು ನಿಂತಿದ್ವು. ಹಂಗ ನಿಂತ ಕುರಿ ಬಡದ್ರೂ ಕದಲಂಗಿಲ್ಲ.

“ನೀ ನಡಿ ಮಾಮಾ, ಇವನ್ನ ಎಬ್ಬಿಸ್ಕೊಂಡು ಹಿಂದ ಬರ್ತೀನಿ” ಅಂದ ನನ್ನ ತಮ್ಮ.

ಇಲ್ಲಿ ಮನ್ಯಾಗ ಹೊಸಾ ಫೋಟೋ ಬಂತು. ಕೆಂಪು ನೇರ ಅವರ ತಲಿ ಮ್ಯಾಲ. ಫೋನ್ ಹತ್ತವಲ್ದು. ರೊಟ್ಟಿ ಹಂಚಿನ ಮ್ಯಾಲ ಕರ್ರಗಾತು, ತೆಗಿಯಾಕ ಕೈ ಬರಲಿಲ್ಲ. ಕಡೀಕ ಅವರ ಫೋನ್ ಬಂತು: “ನಾ ಸಾಲಿ ಪಡಸಾಲ್ಯಾಗ ಅದೀನಿ.”

“ತಮ್ಮ?”

ಮಳಿ ಸಪ್ಪಳ ಅಷ್ಟ ಕೇಳ್ತು.

ತಮ್ಮನ್ನ ಟ್ರ್ಯಾಕ್ಟರ್‌ನ್ಯಾಗ ತಂದ್ರು. ಸಿಡಿಲು ಬಡದ ಗಿಡದ ಸುತ್ತ ಕುರಿ ನಿಂತಂಗ ಬಿದ್ದಿದ್ವಂತ, ಒಂದರ ಹೊಟ್ಟಿ ಕೆಳಗ ಒಂದರ ತಲಿ.

ಹುಡುಗಿ ಕಂಪ್ಯೂಟರ್ ಮುಚ್ಚಿ ಇಟ್ಲು. “ಸಣ್ಣ ಮುತ್ಯಾನ ಕೈಯಾಗ ಫೋನ್ ಕೊಡು ಅನ್ನಬೇಕಿತ್ತು. ಅವನ ಮುಂದನೂ ಅಳಬೇಕಿತ್ತು” ಅಂದಾಕಿ, ಅನ್ನ ಬಿಟ್ಲು. ಇನ್ನು ಮೋಡದ ಗೊಡವಿನ ಬ್ಯಾಡ ಅಂದ್ಲು. ಮುತ್ಯಾ ಉಳದಾನಲ್ಲವ್ವ ಅಂತ ನಾ ಹೇಳಿದ್ರ ಮುಖ ತಿರುವ್ತಿದ್ಲು.

ದಿನಕರ್ಮ ಮಾಡಿದ ಮ್ಯಾಲ ತಮ್ಮನ ಹೆಂಡತಿ ಎದ್ದು ಬಂದು ಆಕಿ ಮುಂದ ಕುಂತ್ಲು.

“ತಂಗೀ, ಉಳದ ಕುರಿ ಹೊಡಕೊಂಡು ನಾಳೆ ನನ್ನ ಮಗ ಹೊಂಟಾನ. ಅವನ ನಂಬರ ಹಾಕ್ಕೊ. ಅವರಪ್ಪನಂಗ ಚಾಷ್ಟಿ ಮಾಡಿದ್ರ ನನಗ ಹೇಳು, ನಾ ಒದರತೀನಿ.”

ಹುಡುಗಿ ಕಂಪ್ಯೂಟರ್ ತಗದ್ಲು. ನನಗ ತಡೀಲಿಲ್ಲ, ಸತ್ತವರ ಮನಿ ಅನ್ನೋದೂ ಮರತು ಆಕಿ ಗಲ್ಲ ಹಿಡದು ಮುದ್ದು ಕೊಟ್ಟೆ. ನನ್ನ ತಮ್ಮನ ಹೆಂಡತಿ ಕಣ್ಣು ಒರಸಕೋತ ಒಂದೊಂದ ಅಂಕಿ ಬಿಡಿಸಿ ಹೇಳಾಕತ್ತಿದ್ಲು.