ಸ್ಟ್ಯಾಂಡಿನ ಮೇಲೆ ಓಡಿದ ಬೈಕು

ಇವತ್ತು ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ಕೈಮೇಲೆ ಎರಡು ಹನಿ ಬಿತ್ತು. ಆ ವಾಸನೆಗೆ ಬಿಣಗಾದ ನಮ್ಮ ಬಾಡಿಗೆ ಮನೆಯ ಅಂಗಳ ನೆನಪಾಯಿತು.

ಕಡಲಗಾಳಿಗೆ ತುಕ್ಕು ಹಿಡಿದು ವರ್ಷಗಟ್ಟಲೆ ನಿಂತಿದ್ದ ಬೈಕಿನ ಮುಂದೆ ಅಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕೂರುತ್ತಿದ್ದ. ಕಾರ್ಬೊರೇಟರ್ ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ತೊಳೆದು, ಕಿಕ್ ಹೊಡೆದು ಹೊಡೆದು ಸುಸ್ತಾಗಿ, ಮೆಟ್ಟಿಲ ಮೇಲೆಯೇ ನಿದ್ದೆ ಹೋಗುತ್ತಿದ್ದ. ಅದು ಶುರುವಾದರೆ ಅಮ್ಮನನ್ನು, ನಮ್ಮ ಆಯಿಯನ್ನು, ಹಿಲ್ಲೂರಿನ ತವರಿಗೆ ಕರೆದೊಯ್ಯುವ ಮಾತಾಗಿತ್ತು.

ಒಂದು ಭಾನುವಾರ ಶುರುವಾಗಿಯೇ ಬಿಟ್ಟಿತು. ಆಯಿ ಒಳ್ಳೆಯ ಸೀರೆಯುಟ್ಟು, ಅಬ್ಬಲಿಗೆ ಮುಡಿದು ಬಂದಳು. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿದ್ದೇ ತಡ, ಎರಡೂ ಟೈರು ಚಪ್ಪಟೆಯಾಗಿ ನೆಲಕ್ಕೆ ಅಂಟಿದವು. ರಬ್ಬರು ಸೀಳಿಹೋಗಿತ್ತು.

"ಅಲ್ಲಾ, ಇಷ್ಟ್ ದಿನ ಟೈರ್ ನೋಡ್ಲೇ ಇಲ್ವಾ ನೀವು?"

"ಇಂಜಿನ್ ಒಂದೇ ತಲೇಲಿತ್ತು ಮಾರಾಯ್ತಿ," ಎಂದು ಅಪ್ಪ ಅದನ್ನು ಮತ್ತೆ ಸ್ಟ್ಯಾಂಡಿಗೇರಿಸಿದ.

ಆಯಿ ಬೈಯಲಿಲ್ಲ. ಗಡಗಡ ನಡುಗುತ್ತಿದ್ದ ಬೈಕಿನ ಹಿಂದಿನ ಸೀಟು ಹತ್ತಿ ಕುಳಿತಳು. ಸ್ವಲ್ಪ ಹೊತ್ತಿಗೆ ಇಳಿದು, "ಸಾಕು, ಬಂದ್ ಮಾಡಿ. ಹಿಲ್ಲೂರಿಗೆ ಹೋಗಿ ಬಂದಾಂಗೇ ಆಯ್ತು," ಎಂದು ಸೀರೆ ಬದಲಿಸಲು ಒಳಗೆ ಹೋದಳು.

ಇವತ್ತು ಪೆಟ್ರೋಲ್ ಹಾಕಿಸಿ ಮನೆಗೆ ಬಂದು, "ಆಯಿ, ಹತ್ತು, ಆಸ್ಪತ್ರೆಗೆ ಹೊತ್ತಾಯ್ತು," ಅಂದೆ. ಅವಳು ಸೊಂಟ ಹಿಡಿದುಕೊಂಡೇ ಬಗ್ಗಿ, ಸ್ಕೂಟರಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಆಮೇಲೆ ಹತ್ತಿದಳು.