ಚೈನ್ ಕವರ್ ಬಿಚ್ಚಿದ ಮೇಲೆ

ಆ ವರ್ಷ ಅವ್ವನ ಬಲ ಮೊಣಕಾಲು ಏರು ಹತ್ತಲು ಒಲ್ಲೆ ಎಂದಿತು. ನಾವಿದ್ದ ಕೋಥರೂಡದಲ್ಲಿ ಅದು ನಡೆಯುವ ಮಾತಲ್ಲ. ಅವಳ ರೊಟ್ಟಿಯ ಗಿರಾಕಿಗಳಲ್ಲಿ ಅರ್ಧ ಜನ ಬಸ್ ಡಿಪೋ ದಾಟಿದ ಮೇಲಿನ ಏರಿನ ಹೌಸಿಂಗ್ ಸೊಸೈಟಿಗಳಲ್ಲಿದ್ದರು. ಬಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ತುಂಬಿ, ಲೇಡೀಸ್ ಸೈಕಲ್ ಮೇಲೆ ಮನೆಮನೆಗೆ ಮುಟ್ಟಿಸಿ ಬರುವುದು ಅವಳ ಕೆಲಸ. ಅದನ್ನು ಅವಳು ಯಾರನ್ನೂ ಕೇಳದೆ ಶುರು ಮಾಡಿದ್ದಳು.

ಏರಿನಲ್ಲಿ ಪೆಡಲು ತುಳಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ಅಪ್ಪಾಜಿಗೆ ಅದು ರೊಟ್ಟಿ ನಿಲ್ಲಿಸಿ ಎಂದು ಕೇಳಿಸಿತು. ಎರಡೂ ಒಂದೇ ಅಲ್ಲ ಎಂದು ನಾನು ತಕರಾರು ತೆಗೆದೆ. ಆಗ ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ.

"ನಿನ್ನ ವಕೀಲಕಿ ಕಾಲೇಜಿನ್ಯಾಗ ಇರಲಿ," ಎಂದರು ಅಪ್ಪಾಜಿ.

ಸ್ಕೂಟಿ ಕಲಿ ಎಂದು ಅವ್ವನಿಗೆ ಹೇಳಿದವಳೂ ನಾನೇ. ಒಮ್ಮೆ ಕಲಿಯಲು ಹೋಗಿ ಹಾಲಿನ ಬೂತಿಗೆ ಗುದ್ದಿದ್ದಳು. "ಸೈಕಲ್ಲಾದ್ರ ನನ್ನ ಮಾತ ಕೇಳ್ತದ," ಎನ್ನುವುದು ಅವಳ ಕೊನೆಯ ಮಾತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನವರಾತ್ರಿಯ ಒಂದು ರವಿವಾರ ಬೆಳಿಗ್ಗೆ ಮಾಮ, ಅಂದರೆ ಅವ್ವನ ತಮ್ಮ, ರಾಂಜಣಗಾಂವದಿಂದ ಒಂದು ಗೋಣಿಚೀಲ ಹೊತ್ತು ಬಂದ. ಅಲ್ಲಿನ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ಚೀಲದಲ್ಲಿದ್ದದ್ದು ಸೈಕಲ್ಲಿಗೆ ಹಾಕುವ ಮೋಟಾರಿನ ಕಿಟ್. ಯಾರೋ ಪರದೇಶದಿಂದ ತರಿಸಿ, ಬೇಜಾರಾಗಿ ಬಿಟ್ಟದ್ದು. ಮೋಟಾರು ಚಕ್ರದೊಳಗೆ ಕೂರುವಂಥದ್ದಲ್ಲ; ಎರಡು ಪೆಡಲುಗಳ ನಡುವೆ ಕೂತು ಸೈಕಲ್ಲಿನ ಚೈನನ್ನೇ ಎಳೆಯುವಂಥದ್ದು.

"ಕಾಲು ಎಳಿಯೂ ಚೈನು ಅದು," ಎಂದೆ. "ಮೋಟಾರಿನ ಜಗ್ಗಾಟಕ್ಕ ಹರೀತದ. ಹರಿಯಂಗಿಲ್ಲ ಅನ್ನಾಕ ಆಧಾರ ಏನು?"

"ಹರಿದ್ರ ಅದರ ಜಾಗಾಕ್ಕ ನಿನ್ನ ನಾಲಿಗಿ ಕಟ್ಟೋಣ ತಗೋ. ಅದು ಎಂದೂ ಹರಿಯಂಗಿಲ್ಲ," ಎಂದ ಮಾಮ.

ಚೈನಿನ ವಿಷಯದಲ್ಲಿ ನಾನು ಹೇಳಿದ್ದೇ ನಿಜವಾಯಿತು, ಮುಂದಿನ ಮಳೆಗಾಲದೊಳಗೆ ಹರಿಯಿತು. ಆದರೆ ಆ ದಿನ ನಾವೆಲ್ಲ ತಪ್ಪು ವಿಷಯದ ಮೇಲೆ ಜಗಳವಾಡುತ್ತಿದ್ದೆವು. ಬ್ಯಾಟರಿ ಭಾರ ಎಂದೆ, ಮಳೆ ಬಿದ್ದರೆ ಏನು ಎಂದೆ. ಅಪ್ಪಾಜಿ ಪ್ರತಿ ಮಾತಿಗೂ ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಮಾಮ ಸೈಕಲ್ ಮಲಗಿಸಿ, ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವರನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟ. "ಇದು ಇದ್ರ ಮೋಟಾರ್ ಕೂಡಂಗಿಲ್ಲ," ಎಂದ. ನಾನು ಇನ್ನೂ ಬ್ಯಾಟರಿಯ ಮಾತಿನಲ್ಲೇ ಇದ್ದೆ.

ಮಧ್ಯಾಹ್ನ ನಮ್ಮ ಸೊಸೈಟಿಯ ಅಂಗಳದಲ್ಲಿ ಅವ್ವ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು.

"ಬಲಗೈ ಕಡೀ ಹಿಡಿ ತಿರುವಿದ್ರ ಮೋಟಾರ್ ಓಡ್ತದ, ಅಕ್ಕಾ. ಸಾವಕಾಶ. ಬ್ರೇಕ್ ಹಿಡದ್ರ ತಾನ ನಿಲ್ತದ."

ಸೈಕಲ್ ಸರಿಯಿತು. ಅವ್ವ ನಕ್ಕಳು. ಅರ್ಧ ಸುತ್ತು ಬಂದಿದ್ದಳೋ ಇಲ್ಲವೋ, ನೆರಿಗೆಯ ಅಂಚು ಜಾರಿ ಚೈನಿನ ಹಲ್ಲಿಗೆ ಸಿಕ್ಕಿತು. ಕಾಲಲ್ಲಿ ತುಳಿಯುವಾಗ ಬಟ್ಟೆ ಸಿಕ್ಕರೆ ಕಾಲಿಗೆ ತಿಳಿಯುತ್ತದೆ, ನಿಲ್ಲುತ್ತದೆ. ಮೋಟಾರಿಗೆ ಏನು ತಿಳಿಯಬೇಕು? ಅದು ಸೀರೆಯನ್ನು ನುಂಗತೊಡಗಿತು. ಗಾಬರಿಗೆ ಅವ್ವ ಬ್ರೇಕು ಬಿಟ್ಟು ಹಿಡಿಯನ್ನೇ ಗಟ್ಟಿ ಹಿಡಿದಳು, ಹಿಡಿದಷ್ಟೂ ಅದು ತಿರುಗಿ ಮೋಟಾರು ಜೋರಾಯಿತು.

"ಕೈ ಬಿಡು! ಅಕ್ಕಾ, ಕೈ ಬಿಡು!"

ಮಾಮ ಓಡಿ ಬ್ಯಾಟರಿಯ ವೈರು ಕಿತ್ತ. ಅವ್ವ ಸೈಕಲ್ಲಿಗೆ ಕಟ್ಟಿ ಹಾಕಿದವಳಂತೆ ವಾಲಿ, ನನ್ನ ಭುಜಕ್ಕೆ ಬಿದ್ದಳು. ಕತ್ತರಿ ತಂದು ಸೀರೆ ಕತ್ತರಿಸಬೇಕಾಯಿತು. ಹಿಮ್ಮಡಿಯ ಮೇಲೆ ಗ್ರೀಸಿನ ಗೆರೆ, ಅದರ ನಡುವೆ ಸಣ್ಣಗೆ ರಕ್ತ.

"ಮುಗೀತು," ಎಂದರು ಅಪ್ಪಾಜಿ. "ಸಂಜೀಕ ಗಿರಾಕಿಗೆಲ್ಲಾ ಹೇಳಿ ಬಂದುಬಿಡು. ಬ್ಯಾರೆ ಕಡೆ ನೋಡ್ಕೊಳ್ರಿ ಅನ್ನು."

"ಹೇಳಾಕರ ಏರು ಹತ್ತಬೇಕಲ್ಲರೀ," ಎಂದಳು ಅವ್ವ.

ಹಳೆಯ ಕವರು ಇನ್ನು ಕೂರುವಂತಿರಲಿಲ್ಲ. ತಗಡಿನಲ್ಲಿ ಹೊಸದು ಮಾಡಿಸಿ ತರಲು ಮಾಮನಿಗೆ ಮುಂದಿನ ರಜೆಯೇ ಬೇಕು. ಒಳಗೆ ಸಂಜೆಯ ರೊಟ್ಟಿ ಕಟ್ಟಿಟ್ಟಾಗಿತ್ತು. ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಮೈಮೇಲೆ ನನ್ನ ನೀಲಿ ಪಂಜಾಬಿ ಡ್ರೆಸ್ ಇತ್ತು. ಪೈಜಾಮದ ಕಾಲಿಗೆ ಎರಡೂ ಕಡೆ ರಬ್ಬರ್ ಬ್ಯಾಂಡ್; ಹೆಗಲ ಮೇಲೆ ಹೊದೆಯುವ ಓಢಣಿ ಇಲ್ಲ.

ಹುಟ್ಟಿದಾಗಿನಿಂದ ನಾನು ಅವಳನ್ನು ಸೀರೆಯಲ್ಲದೆ ನೋಡಿರಲಿಲ್ಲ. ಅಪ್ಪಾಜಿಯೂ ನೋಡಿರಲಿಲ್ಲ.

"ಏನಿದು ವೇಷ? ಈ ವಯಸ್ಸಿನ್ಯಾಗ?"

"ಚೈನಿಗೆ ವಯಸ್ಸು ತಿಳಿಯಂಗಿಲ್ರಿ. ಸೀರಿ ತಿಳೀತದ."

"ಮಂದಿ ಏನಂತಾರ?"

"ಮಂದಿ ಅಂದ್ರ ಯಾರು, ಹೆಸರು ಹೇಳ್ರಿ," ಎಂದೆ ನಾನು.

ಅವರು ನನ್ನ ಕಡೆ ತಿರುಗಿದರು. "ನೀ ಯಾರ ಕಡೆ? ಮುಂಜಾನಿಂದ ಮೋಟಾರ್ ಬ್ಯಾಡ ಅನ್ನಾಕಿ ನೀನ ಅಲ್ಲ?"

ಹೌದು, ನಾನೇ. ಈಗಲೂ ಬೇಡವೇ ಆಗಿತ್ತು, ಬೆಳಿಗ್ಗೆಗಿಂತ ಹೆಚ್ಚು. ಆದರೆ ಅಪ್ಪಾಜಿ ಮಾತನಾಡುತ್ತಿದ್ದದ್ದು ಮೋಟಾರಿನ ಬಗ್ಗೆ ಅಲ್ಲ.

ಮಾಮ ಕಿತ್ತ ವೈರನ್ನು ಮತ್ತೆ ಸಿಕ್ಕಿಸಿದ, ಅವ್ವ ಡಬ್ಬಿ ಏರಿಸಿ ಹೊರಟೇಬಿಟ್ಟಳು. ನಾನು ನನ್ನ ಸೈಕಲ್ ತೆಗೆದುಕೊಂಡು ಹಿಂದೆ ಬಿದ್ದೆ. ಸಪಾಟಾದ ರಸ್ತೆಯಲ್ಲಿ ಅವಳನ್ನು ಹಿಡಿಯಲಾಗಲಿಲ್ಲ. ಡಿಪೋ ದಾಟಿ ಏರು ಶುರುವಾದಾಗ ಮೋಟಾರಿನ ಸದ್ದು ಬದಲಾಯಿತು. ಸಣ್ಣಗೆ ನರಳುತ್ತಿದ್ದದ್ದು ದಪ್ಪಗೆ ಗೊಣಗತೊಡಗಿತು. ಹಿಂದಿನ ಬ್ಯಾಟರಿಯ ಭಾರಕ್ಕೆ ಮುಂದಿನ ಗಾಲಿ ಅತ್ತಿತ್ತ ಹೊಯ್ದಾಡುತ್ತಿತ್ತು. ನನ್ನ ಬೆನ್ನಿಗೆ ಸಿಟಿ ಬಸ್ಸೊಂದು ಬಂದು ಹಾರ್ನ್ ಬಾರಿಸಿತು. ಅವಳ ವೇಗ ಇಳಿಯಿತು, ಇನ್ನೂ ಇಳಿಯಿತು, ನಡೆಯುವವರ ವೇಗಕ್ಕೆ ಬಂತು.

"ಅವ್ವಾ, ಇಳಿ! ತಳ್ಳಕೊಂಡು ಹೋಗೋಣ!"

ಇಳಿಯಲಿಲ್ಲ. ಎಡಗಾಲಿಂದ ಒತ್ತಿದಳು. ಬಲಗಾಲು ಪೆಡಲಿನ ಮೇಲೆ ಸುಮ್ಮನೆ ಕೂತು ಸುತ್ತು ಬರುತ್ತಿತ್ತು. ಮತ್ತೆ ಎಡಗಾಲು, ಮತ್ತೆ. ಬಸ್ಸು ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ದಾಟಿತು. ಹೊಗೆಯಲ್ಲಿ ಒಂದು ಗಳಿಗೆ ಅವಳು ಕಾಣಲೇ ಇಲ್ಲ. ಹೊಗೆ ಹರಿದಾಗ ಮೇಲಿನ ಸೊಸೈಟಿಯ ಗೇಟಿನಲ್ಲಿ ನಿಂತು ಡಬ್ಬಿ ಬಿಚ್ಚುತ್ತಿದ್ದಳು.

ಮೊದಲ ಮನೆಯ ಬಾಗಿಲು ತೆರೆದದ್ದು ಧಾರವಾಡ ಕಡೆಯ ಅಜ್ಜಿ, ಎಲ್ಲರಿಗಿಂತ ಹಳೆಯ ಗಿರಾಕಿ. ಆಕೆ ಅವ್ವನನ್ನು ಕಾಲಿಂದ ಕುತ್ತಿಗೆಯವರೆಗೆ ನೋಡಿದಳು. ನಾನು ಉತ್ತರ ಸಿದ್ಧ ಮಾಡಿಕೊಂಡೆ.

"ಮಗಳದೇನ್ರಿ?"

"ಹೌದ್ರಿ."

"ಭುಜಕ್ಕ ಬಿಗಿ ಹಿಡದದ ನೋಡ್ರಿ," ಎಂದು ರೊಟ್ಟಿ ಎಣಿಸಿಕೊಂಡು ಒಳಗೆ ಹೋದಳು.

ಬ್ಯಾರೆ ಕಡೆ ನೋಡ್ಕೊಳ್ರಿ ಎಂಬ ಮಾತು ಆ ಮನೆಯಲ್ಲಿ ಬರಲಿಲ್ಲ, ಮುಂದಿನ ಯಾವ ಮನೆಯಲ್ಲೂ ಬರಲಿಲ್ಲ. ಇಳಿಜಾರಿನಲ್ಲಿ ಅವ್ವ ಎರಡೂ ಬ್ರೇಕು ಹಿಡಿದೇ ಇಳಿದಳು. ಮನೆಯ ತಿರುವಿಗೆ ತಿರುಗದೆ ಲೇಡೀಸ್ ಟೇಲರ್ ಅಂಗಡಿಯ ಮುಂದೆ ನಿಂತಳು. ಅಲ್ಲೇ ಮಾರುವ ಬಟ್ಟೆಯಲ್ಲಿ ಎರಡು ತುಂಡು ಆರಿಸಿದಳು. ಟೇಲರ್ ನನ್ನ ಕಡೆ ಟೇಪು ಹಿಡಿದು ಬಂದ. "ಮಾಝ್ಯಾಸಾಠಿ," ನನಗೇ, ಎಂದು ಮರಾಠಿಯಲ್ಲಿ ಹೇಳಿದಳು ಅವ್ವ.

"ಅಪ್ಪಾಜಿ ಇನ್ನೂ ಹೂಂ ಅಂದಿಲ್ಲ," ಎಂದೆ. "ಸದ್ಯಕ್ಕ ಒಂದು ಹೊಲಿಸು."

"ಒಂದ ಇದ್ರ, ಅದನ್ನ ಒಗದ ದಿನ ರೊಟ್ಟಿ ಹ್ಯಾಂಗ ಒಯ್ಯಲಿ?" ಎಂದು ಅವ್ವ ಅಳತೆಗೆ ಎರಡೂ ತೋಳು ಚಾಚಿದಳು.